ಐದು ಕಾಡತೂಸು

ಸೀಟಿನ ಹಿಂದ ಒಂದು ಕಬ್ಬಿಣದ ಕೊಕ್ಕಿ,
ಅದಕ್ಕ ಆನಿಸಿ ನಿಂದರಸಿದ್ದು ನನ್ನ ಜೋಡುನಳಗಿ ಬಂದೂಕು.
ಕೇಳಿದವರಿಗೆಲ್ಲಾ ಒಂದ ಉತ್ತರ:
ಹೊತ್ತು ಬಂದ್ರ ಇರಲಿ ಅಂತ.

ಹೊತ್ತು ಅನ್ನೂದು ಹೆಂಗ ಬರತೈತಿ,
ಎಡಕಿಂದೋ ಬಲಕಿಂದೋ,
ಮಾರಿಗೆ ವಸ್ತ್ರ ಕಟಿಗೊಂಡೋ ಬಿಚಿಗೊಂಡೋ,
ಕಂಪನಿಯವರು ಹೇಳಿಕೊಟ್ಟಿಲ್ಲ.
ಕೊಟ್ಟದ್ದು ಐದು ಕಾಡತೂಸು, ಒಂದು ರಜಿಸ್ಟರ.
ಮುಂಜಾನಿ ಬರೀಬೇಕು: ಒಯ್ದದ್ದು ಐದು.
ಸಂಜಿಕ ಬರೀಬೇಕು: ತಂದದ್ದು ಐದು.
ನವನಗರದಿಂದ ಲೋಕಾಪುರ, ಮುಧೋಳ, ಮಹಾಲಿಂಗಪುರ,
ಎಟಿಎಮ್ಮಿನ ಹೊಟ್ಟಿ ತುಂಬಿಸಿಕೋತ
ಆರು ವರ್ಷದಾಗ ರಜಿಸ್ಟರ ಎಂಟು ತುಂಬಿದವು.

ಪಲ್ಟನದಾಗ ಹದಿನೇಳು ವರ್ಷ ಇದ್ದಾವ ನಾ.
ಅಲ್ಲಿಯ ರೈಫಲ್ಲಿನ ನಂಬರ ಇನ್ನೂ ಬಾಯಾಗ ಐತಿ,
ಮಗಳ ಲಗ್ನದ ತಾರೀಖು ಕೇಳಬ್ಯಾಡ್ರಿ.
ಇಲ್ಲಿ ಡ್ರೈವರ ದಸ್ತಗೀರ
ಬಂದೂಕಿನ ಪಟ್ಟಾಕ್ಕ ರೊಟ್ಟಿಗಂಟು ಜೋತ ಹಾಕತಿದ್ದ.
"ಫೌಜಿ ಮಾಮಾ, ಇಷ್ಟಕ್ಕರೆ ಬಂತಲ್ಲ ನಿನ್ನ ತೋಪು!"
ನಾನೂ ನಗತಿದ್ದೆ. ಒಣ ಚಟ್ನಿ ವಾಸನಿ
ನಳಗಿಯ ಎಣ್ಣಿಗಿಂತ ಚೊಲೋ ಇತ್ತು.

ಆ ದಿನ ಕತ್ತಲಾಗೂ ಹೊತ್ತು, ಕಾರ್ಖಾನಿ ಸೀಜನ್ನು.
ಮುಂದ ಹಿಂಬದಿ ದೀಪಾ ಇಲ್ಲದ ಎರಡು ಟ್ರೇಲರ ಕಬ್ಬು.
ದಸ್ತಗೀರ "ಯಾ ಅಲ್ಲಾ" ಅಂದದ್ದು ಕೇಳಿಸ್ತು,
ಆಮ್ಯಾಲ ರೊಟ್ಟಿ, ನಾ, ಪೆಟಿಗಿ, ಬಾನು
ಎಲ್ಲಾ ಒಂದ ಕಡೆ ಬಿದ್ದಿವಿ.

ಮೊದಲು ಹೊರಗ ತಂದದ್ದು ಬಂದೂಕು.
ಎರಡನೇದು ನನ್ನ.
ದಸ್ತಗೀರ ಒಳಗ ಇದ್ದ.

ಕಬ್ಬಿನ್ಯಾಗಿಂದ ಓಡಿ ಬಂದ್ರು.
ಹದಿನೈದೋ ಇಪ್ಪತ್ತೋ ಮಂದಿ,
ಎಲ್ಲಾರ ಮಾರಿಗೂ ವಸ್ತ್ರ,
ಎಲ್ಲಾರ ಕೈಯಾಗೂ ಕೊಯ್ತಾ.
ಬಂತು, ಅಂದೆ. ಬಂತು ಹೊತ್ತು.
ಕುದುರಿ ಏರಿಸಿದೆ. ಹೆಗಲಿಗೆ ಕೊಟ್ಟೆ.
"ಅಲ್ಲೇ ನಿಂದರ್ರಿ!"
ಕಲಸಿಕೊಟ್ಟ ಹಿಟ್ಟಿನಂಗ ಮಂದಿ ನಿಂತಬಿಡ್ತು.

ಒಬ್ಬಾಕಿ ನಿಂದರಲಿಲ್ಲ.
ತೋಳತುಂಬ ಬಿಳೀ ಬಳಿ, ಲಂಬಾಣಿ ಹೆಣಮಗಳು.
ಬಂದ್ಲು. ಮುಂಗೈಲೆ
ನಳಗಿ ಅತ್ತ ಸರಿಸಿದ್ಲು,
ದಿನಾ ಕಬ್ಬಿನ ರವದಿ ಸರಿಸ್ತಾಳಲ್ಲ, ಹಂಗ.
ಬೈಯಲಿಲ್ಲ. ನನ್ನ ಮಾರಿ ಸೈತ ನೋಡಲಿಲ್ಲ.
ಬಾನಿನ್ಯಾಗ ಬಗ್ಗಿ ಕೊಯ್ತಾದಿಂದ ಬೆಲ್ಟು ಕೊಯ್ದು
ದಸ್ತಗೀರನ್ನ ಬಗಲಾಗ ಕೈ ಹಾಕಿ ಎಳದ್ಲು.
ತನ್ನ ಮಾರಿ ವಸ್ತ್ರ ಬಿಚ್ಚಿ ಅವನ ತೊಡಿಗೆ ಬಿಗದ್ಲು.

ಟ್ರ್ಯಾಕ್ಟರದ ಇಂಜಿನ್ ಅಷ್ಟ ಕಳಚಿ
ಮುಧೋಳಕ್ಕ ಒಯ್ದ್ರು ಅವನ್ನ.
ನಾ ಹೋಗಲಿಲ್ಲ. ಪೆಟಿಗಿ ಇತ್ತಲ್ಲ.
ಒಂದು ಹುಡುಗ ತಂಬಗಿ ನೀರು ತಂದು ದೂರ ಇಟ್ಟು
ಹಿಂದಕ ಹಿಂದಕ ಸರದಾ.
ಆಗ ತಿಳೀತು, ಕುದುರಿ ಇನ್ನೂ ಇಳಿಸಿದ್ದಿಲ್ಲ.

ಒಂದು ನೋಟೂ ಹೋಗಿದ್ದಿಲ್ಲ.
ಮ್ಯಾನೇಜರ ಶಾಲು ಹೊಚ್ಚಿ ಫೋಟೋ ಹೊಡಿಸಿದ್ರು.
ರಾತ್ರಿ ರಜಿಸ್ಟರ ತಗದೆ. ಒಯ್ದದ್ದು ಐದು. ತಂದದ್ದು ಐದು.
ಗುರಿ ಹಿಡಿದದ್ದು ಯಾರಿಗೆ ಅನ್ನೂ ಕಾಲಂ
ಅದರಾಗ ಇಲ್ಲ.

ಈಗ ಸೀಟಿನ ಬುಡಕ ಒಂದು ಕೊಯ್ತಾನೂ ಇಟ್ಟೀನಿ.
ಮುಧೋಳ ಸಂತ್ಯಾಗ ತಗೊಂಡದ್ದು, ಇನ್ನೂರಾ ನಲವತ್ತು ರೂಪಾಯಿ.
ಹೊಸಾ ಡ್ರೈವರ ಯಾಕಂತ ಕೇಳಿದ.
ಬಾಯಿಗೆ ಆ ಹಳೇ ಉತ್ತರ ಬಂತು, ನುಂಗಿದೆ.

ದಸ್ತಗೀರ ಕುಂಟಕೋತ ನಡೀತಾನ ಈಗ,
ಬಸ್‌ಸ್ಟ್ಯಾಂಡಿನ ಮುಂದ ಚಾದಂಗಡಿ ಇಟ್ಟಾನ.
ನಾ ಹೋದಾಗೆಲ್ಲಾ ಗಿರಾಕಿಗೆ ತೋರಸ್ತಾನ:
"ಫೌಜಿ ಮಾಮಾ ನೋಡ್ರಿ, ನನ್ನ ಎಳದು ಹೊರಗ ತಗದಾವ."
ರೊಕ್ಕ ತಗೊಳ್ಳೂದಿಲ್ಲ.
ನಾ ಬಶಿಯೊಳಗ ಚಾ ಸುರುವಿಕೊಂಡು
ಊದತೀನಿ,
ಆರಿದಮ್ಯಾಲೂ ಊದತೀನಿ.